ತಡವಾಗಿ ಕೊಟ್ಟ ಮುಡಿ

ನಮ್ಮೂರು ಹೆಡತಲೆಯಲ್ಲಿ ಬಸ್ಸು ಹತ್ತಿದರೆ ಒಂದು ಜೊಂಪು ಹತ್ತಿ ಬಿಡುವಷ್ಟರಲ್ಲಿ ನಂಜನಗೂಡಿನ ಗೋಪುರ ಕಾಣುತ್ತದೆ. ಬೆಂಗಳೂರಿನವರು, ತಮಿಳುನಾಡಿನವರು ಗಾಡಿ ಮಾಡಿಕೊಂಡು ಬಂದು ನಂಜುಂಡಪ್ಪನ ಹರಕೆ ತೀರಿಸಿ ಹೋಗುತ್ತಾರೆ. ನಾವು ತೀರಿಸಿರಲಿಲ್ಲ. ಹತ್ತಿರದಲ್ಲಿರುವವರ ಹಣೆಬರಹವೇ ಇಷ್ಟು. ಯಾವತ್ತು ಬೇಕಾದರೂ ಹೋಗಬಹುದು ಅಂದುಕೊಂಡು ಯಾವತ್ತೂ ಹೋಗುವುದಿಲ್ಲ.

ನಾನು ಚಿಕ್ಕ ಕೂಸಾಗಿದ್ದಾಗ ಕಾಮಾಲೆಯಾಗಿ ಕಣ್ಣು, ಉಗುರೆಲ್ಲ ಹಳದಿಗೆ ತಿರುಗಿ ಡಾಕ್ಟರೇ ಕೈಚೆಲ್ಲಿದ್ದರಂತೆ. ಕೂಸು ಉಳಿದರೆ ಮುಡಿ ಕೊಡಿಸುತ್ತೇನೆ ಅಂತ ಅವ್ವ ಹರಕೆ ಹೊತ್ತಳು. ನಾನು ಉಳಿದೆ. ಆ ವರ್ಷ ಮನೆಯಲ್ಲಿ ಸೂತಕ, ಮರುವರ್ಷ ಅತ್ತೆಯ ಬಾಣಂತನ, ಆಮೇಲೆ ನಾಟಿ, ಕಟಾವು. ಹೈಸ್ಕೂಲಿಗೆ ಬಂದ ಮೇಲೆ ನಾನೇ ಒಪ್ಪಲಿಲ್ಲ. ನನಗೆ ಕೂದಲಿನ ಜಂಬ ವಿಪರೀತ. ಬೇರೆ ಯಾವುದರಲ್ಲೂ ಜಂಬ ಪಡುವಂಥದ್ದು ನನ್ನ ಹತ್ತಿರ ಇರಲಿಲ್ಲ ಅನ್ನುವುದೂ ನಿಜ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಅವ್ವ ಮಾತೆತ್ತಿದರೆ ನಂಜನಗೂಡಿಗೆ ಹೋಗಿ ಬರುತ್ತಿದ್ದಳು, ದೇವರಿಗೂ ಕೈಮುಗಿದು ಬರುತ್ತಿದ್ದಳು. ಹರಕೆ ಮಾತ್ರ ಹಾಗೇ ಉಳಿಯಿತು.

ಡಿಗ್ರಿಗೆ ನಾನು ಸೇರಿದ್ದೂ ನಂಜನಗೂಡಿನಲ್ಲೇ. ಟಿ. ನರಸೀಪುರದಿಂದ ಬರುತ್ತಿದ್ದ ಒಬ್ಬ ನನ್ನ ಪಕ್ಕ ಕೂತ. ಎರಡನೇ ವಾರವೇ ನನ್ನ ಜೇಬಿನಿಂದ ಬಾಚಣಿಗೆ ಎತ್ತಿಕೊಂಡು ತಲೆ ಬಾಚಿ ವಾಪಸ್ ಇಟ್ಟ. ಒಂದು ಮಾತು ಕೇಳಲಿಲ್ಲ. ನನಗೆ ಉರಿದುಹೋಯಿತು.

"ಸ್ವಂತದ್ದು ಒಂದು ತಗಳಕ್ಕಾಗಲ್ವೇನ್ಲಾ?"

"ನಿಂದೇ ಚೆನ್ನಾಗದೆ ಕಣ್ಲಾ. ನಿನ್ ಕೂದ್ಲೂವೆ."

ಕೂದಲಿನ ಮಾತು ಬಂದ ಮೇಲೆ ನನ್ನ ಸಿಟ್ಟು ಇಳಿಯಿತು. ಅಲ್ಲಿಂದಾಚೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವನ ಬಸ್ಸು ಬರುವವರೆಗೂ ಕಾಯುತ್ತಿದ್ದೆ. ಯಾಕೆ ಕಾಯುತ್ತೀನಿ ಅಂತ ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ, ಉತ್ತರ ಗೊತ್ತಿತ್ತು. ಹುಡುಗಿಯರ ಕಡೆ ನನ್ನ ಮನಸ್ಸು ಹೋಗುವುದಿಲ್ಲ ಎಂಬುದು ಎಂಟನೇ ಕ್ಲಾಸಿನಿಂದಲೇ ತಿಳಿದಿತ್ತು. ಅವನಿಗೂ ಹಾಗೇ ಇರಬಹುದು ಅಂತ ಆಸೆಪಡುವ ಧೈರ್ಯ ಮಾತ್ರ ಇರಲಿಲ್ಲ.

ಒಂದು ದಿನ ಕ್ಲಾಸು ಬಿಟ್ಟ ಮೇಲೆ ದೇವಸ್ಥಾನಕ್ಕೆ ಹೋಗಿದ್ದೆವು. ಅವನು ಕಣ್ಣುಮುಚ್ಚಿ ಬಹಳ ಹೊತ್ತು ನಿಂತ. ಏನ್ಲಾ ಅಷ್ಟು ದೊಡ್ಡ ಅಪ್ಲಿಕೇಶನ್ನು ಅಂದೆ. "ಒಂದು ಕೇಳ್ಕಂಡಿದೀನಿ. ಅದು ಆದ್ರೆ ಮುಡಿ ಕೊಡ್ತೀನಿ ಅಂದಿದೀನಿ" ಅಂದ. ಪರೀಕ್ಷೆ ಹತ್ತಿರ ಇತ್ತು. ಅಕೌಂಟ್ಸ್ ಪಾಸಾಗಲಿ ಅಂತ ಇರಬೇಕು ಅಂದುಕೊಂಡು ಮರೆತೆ.

ಪರೀಕ್ಷೆ ಮುಗಿದ ಭಾನುವಾರ ಅವನ ಊರಿಗೆ ಕರೆದ. ಸಂಗಮದ ಮೆಟ್ಟಿಲ ಮೇಲೆ ಕೂತಿದ್ದೆವು. ನಮ್ಮೂರು ಕಾಶಿಗಿಂತ ಗುಲಗಂಜಿಯಷ್ಟು ಜಾಸ್ತಿ ಅಂತ ಅವನು ಕೊಚ್ಚಿಕೊಂಡ. ನಂಜನಗೂಡು ದಾಟಿ ಬಂದ ಕಪಿಲೆ ನೀರಿಲ್ಲದಿದ್ದರೆ ನಿಮ್ಮ ಸಂಗಮ ಎಲ್ಲಿಂದ ಬರಬೇಕಿತ್ತು ಅಂದೆ. ನಗುತ್ತಿದ್ದವನು ಸುಮ್ಮನಾಗಿ, ನೀರು ನೋಡಿಕೊಂಡೇ, "ನಿನ್ನ ಕಂಡ್ರೆ ನಂಗೆ ಪ್ರೀತಿ ಕಣ್ಲಾ. ಸ್ನೇಹಿತ್ರ ಥರ ಅಲ್ಲ" ಅಂದ. ನನಗೂ ಅಂದೆ. ನಾನು ಅಂದದ್ದು ಅಷ್ಟೇ, ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದರೂ ಕಾಲು ನೋಯಲಿಲ್ಲ. ಅಷ್ಟು ಖುಷಿಯಾಗಿತ್ತು.

ಅವ್ವನಿಗೆ ಹೇಳಿದ್ದು ಅವರೆಕಾಯಿ ಕಾಲದಲ್ಲಿ. ಜಗಲಿ ಮೇಲೆ ಕಾಯಿ ಸುಲಿಯುತ್ತಾ ಅವಳು ಸೋದರಮಾವನ ಮಗಳ ಮಾತು ತೆಗೆದಳು. ಓದು ಮುಗಿಯಲಿ, ಆಮೇಲೆ ನೋಡಣ, ಮಾತು ಒಂದು ಆಗಿರಲಿ ಅಂದಳು. ಈಗ ಹೇಳದಿದ್ದರೆ ಆ ಹುಡುಗಿಯ ತಲೆಮೇಲೂ ಚಪ್ಪಡಿ ಎಳೆದಂತಾಗುತ್ತದೆ ಅನ್ನಿಸಿತು. ಫೋನಿನಲ್ಲಿ ಓದಿದ್ದ ಗೇ ಎಂಬ ಪದ ಗೊತ್ತಿತ್ತು. ಅವ್ವನ ಹತ್ತಿರ ಆಡುವಂಥ ಪದ ಅದಲ್ಲ.

"ನಂಗೆ ಹೆಣ್ಮಕ್ಕಳ ಮೇಲೆ ಮನಸಿಲ್ಲ ಕನವ್ವ. ಹುಡುಗ್ರ ಮೇಲೇ ಇರೋದು. ಮೊದ್ಲಿಂದ್ಲೂ."

ಅವ್ವ ಅಳಲಿಲ್ಲ, ಹೊಡೆಯಲಿಲ್ಲ. ಕೈಯಲ್ಲಿದ್ದ ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿ, "ನಂದೇ ತೆಪ್ಪು" ಅಂದಳು. "ಮುಡಿ ಕೊಡಿಸ್ನಿಲ್ಲ. ಅದ್ಕೇ ಸ್ವಾಮಿ ಇಂಗೆ ಕಾಡ್ತಾವ್ನೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಂಜುಂಡಪ್ಪನಿಗೆ ಮಾಡಲು ಬೇರೆ ಕೆಲಸ ಇಲ್ಲವೇ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಇದು ಕಾಯಿಲೆ ಅಲ್ಲ ಅಂದೆ. ಕಾಮಾಲೆ ಬಂದಾಗಲೂ ನಿನಗೆ ಅದು ಕಾಯಿಲೆ ಅಂತ ಗೊತ್ತಿರಲಿಲ್ಲ ಅಂದಳು. ಅವಳೊಂದಿಗೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನಾನು ಮುಡಿ ಕೊಡುವುದು. ಕೂದಲು ಮತ್ತೆ ಬೆಳೆಯುವವರೆಗೂ ನೋಡುವುದು. ಆಮೇಲೂ ನಾನು ಹೀಗೇ ಇದ್ದರೆ ಹೆಣ್ಣಿನ ಮಾತು ಎತ್ತಬಾರದು, ಕಾಯಿಲೆ ಅನ್ನಬಾರದು. ಅವ್ವ ಹೂಂ ಅಂದಳು. ಆ ಹೂಂ ಮೇಲೆ ನನಗೆ ನಂಬಿಕೆ ಬರಲಿಲ್ಲ. ಅಪ್ಪನಿಗೆ ಗೊತ್ತಾದರೂ ನಾಲ್ಕು ದಿನ ಬೈದು ಸುಮ್ಮನಾಗುತ್ತಾರೆ, ಅವ್ವ ಕೈಬಿಟ್ಟರೆ ನನಗೆ ಮನೆ ಅನ್ನುವುದೇ ಇಲ್ಲ ಎಂಬ ಭಯ ಇತ್ತು.

ನರಸೀಪುರದವನಿಗೆ ಫೋನಿನಲ್ಲಿ ಎಲ್ಲಾ ಹೇಳಿದೆ. ಬರಬೇಡ ಅಂತಲೂ ಹೇಳಿದೆ. ಬಂದ.

ಸೋಮವಾರ. ಮುಡಿಕಟ್ಟೆಯಲ್ಲಿ ನನ್ನ ತಲೆಗೆ ನೀರು ಹಚ್ಚುತ್ತಿದ್ದಾಗ ಪಕ್ಕದಲ್ಲಿ ಯಾರೋ ಚಕ್ಕಳಮಕ್ಕಳ ಹಾಕಿ ಕೂತರು. ನೋಡಿದರೆ ಇವನು, ಕೈಯಲ್ಲಿ ಮುಡಿ ಚೀಟಿ. ಕತ್ತಿ ತಲೆ ಮೇಲೆ ಬಂದ ಮೇಲೆ ಮತ್ತೆ ತಿರುಗುವ ಹಾಗೂ ಇಲ್ಲ. ಕ್ಷೌರ ಮಾಡುವವರು ನಮ್ಮಿಬ್ಬರನ್ನೂ ನೋಡಿ, "ಒಂದೇ ಮನೆಯೋರಾ?" ಅಂದರು. ಅವ್ವ ಟವೆಲ್ಲು ಹಿಡಿದುಕೊಂಡು ಎದುರಿಗೇ ನಿಂತಿದ್ದಳು.

ಕಪಿಲೆಯಲ್ಲಿ ಮುಳುಗಿ ಎದ್ದು ಬಂದೆವು. ಅವ್ವ ನನ್ನ ಬೋಳು ತಲೆಗೆ ಗಂಧ ಸವರಿದಳು. ಅವನು ಸ್ವಲ್ಪ ದೂರದಲ್ಲಿ ತಲೆ ಒರೆಸಿಕೊಳ್ಳುತ್ತಾ ನಿಂತಿದ್ದ. ಮುಡಿ ಕೊಟ್ಟ ತಲೆಯನ್ನು ಗಂಧವಿಲ್ಲದೆ ಬಿಸಿಲಿಗೆ ಬಿಡುವುದು ನಮ್ಮ ಕಡೆ ಇಲ್ಲ. ಯಾರ ಮಗನಾದರೂ ಸರಿ, ಅವ್ವನಿಂದ ಅದನ್ನು ನೋಡಿಕೊಂಡು ಇರಲು ಆಗುವುದಿಲ್ಲ.

"ಗಂಧ ತಂದಿಲ್ವಾ ಮಗ? ಬಾ ಇಲ್ಲಿ, ಬಗ್ಗು."

ಅವನು ಬಂದು ಬಗ್ಗಿದ.

"ಯಾವೂರು?"

"ನರಸೀಪುರ ಅಮ್ಮ. ಇವ್ನ ಕ್ಲಾಸ್ಮೇಟು."

"ಏನ್ ಅರಕೆ?"

"ಒಂದು ಕೇಳ್ಕಂಡಿದ್ದೆ."

"ಕೇಳ್ಕಂಡದ್ದು ಆದ್ಮೇಲಲ್ವಾ ಮುಡಿ ಕೊಡೋದು? ಆಯ್ತಾ?"

"ಆಯ್ತು ಅಮ್ಮ."

"ಏನಾಯ್ತು?"

ಅವನು ಬಗ್ಗಿಕೊಂಡೇ ನನ್ನ ಕಡೆ ಕೈ ತೋರಿಸಿದ. "ಇವ್ನು ಸಿಕ್ದ."

ಅವ್ವನ ಕೈ ಅವನ ನೆತ್ತಿ ಮೇಲೆ ನಿಂತಿತು. ಗಂಧದ ಬಟ್ಟಲನ್ನು ನದಿಗೆ ಎಸೆಯುತ್ತಾಳೆ ಅಂತಲೇ ನಾನು ಅಂದುಕೊಂಡೆ. ಎಸೆಯಲಿಲ್ಲ. ಅವನ ಕಿವಿಯ ಹಿಂದೆ ಬಿಟ್ಟುಹೋಗಿದ್ದ ಕಡೆಗೂ ಸವರಿ, ಕೈ ತೊಳೆದುಕೊಂಡು, ದರ್ಶನದ ಸಾಲಿನಲ್ಲಿ ನಮ್ಮಿಬ್ಬರ ಮುಂದೆ ನಡೆದಳು. ದರ್ಶನ ಮುಗಿಯಿತು. ಅವನು ಅವನ ಬಸ್ಸಿಗೆ ಹೋದ.

ವಾಪಸ್ ಬಸ್ಸಿನಲ್ಲಿ ಅವ್ವ ಕಿಟಕಿ ಪಕ್ಕ ಕೂತಿದ್ದಳು. ಊರು ಹತ್ತಿರ ಬಂದಾಗ, ಕೂದಲು ಬೆಳೆಯುವವರೆಗೂ ನೋಡುವ ಒಪ್ಪಂದ ಇನ್ನೂ ಇದೆಯಾ ಅಂತ ಕೇಳಿದೆ.

"ನೋಡಾದೇನು" ಅಂದಳು. "ಆವತ್ತು ನಾ ಕೇಳಿದ್ದು ಕೂಸು ಉಳೀಲಿ ಅಂತ ಒಂದೇಯ. ಇಂಥವನಾಗಿ ಉಳೀಲಿ ಅಂತ ಕೇಳ್ನಿಲ್ಲ. ಸ್ವಾಮಿ ಉಳಿಸ್ಕೊಟ್ಟವ್ನೆ. ಈಗ ಓಗಿ ಇನ್ನೊಂದು ಸೇರಿಸಿದ್ರೆ ಅದು ಮೋಸ ಕನ."

ಆಮೇಲೆ ಸೆರಗಿನ ತುದಿ ಹಿಡಿದು, ನನ್ನ ಕಿವಿಯೊಳಕ್ಕೆ ಇಳಿದಿದ್ದ ಗಂಧ ಒರೆಸಿದಳು.