ಮುಳ್ಳು ಒಂದೂವರೆಗೆ

ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿನಲ್ಲಿ ಬಾಯ್ಲರಿನ ನೀರಿನ ಒತ್ತಡ ಇಳಿದು ಮನೆ ತಣ್ಣಗಾದರೆ, ಅದನ್ನು ಮುಟ್ಟುವ ಅಧಿಕಾರ ನನ್ನ ಗಂಡನಿಗೆ ಮಾತ್ರ ಇತ್ತು. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದ ಮೇಲೂ ಅವರ ದರ್ಬಾರು ನಿಲ್ಲಲಿಲ್ಲ. ಆ ಬೆಳಿಗ್ಗೆ ನಾನು ಬಾಯ್ಲರಿನ ಕೆಳಗೆ ಬಗ್ಗಿ ನೀರು ತುಂಬುವ ನಲ್ಲಿ ತಿರುಗಿಸುತ್ತಿದ್ದರೆ, ಗಾಲಿಕುರ್ಚಿಯಿಂದ ಹುಕುಂ ಬಂತು.

"ಸಾವಕಾಶ ತಿರುವು. ಒತ್ತಡದ ಮುಳ್ಳು ಒಂದೂವರೆಗೆ ಬಂತಂದ್ರ ಬಂದ್ ಮಾಡು."

"ನನಗೂ ಕಣ್ಣದಾವ್ರೀ," ಎಂದು ಸಿಡುಕಿದೆ.

ಬಾಯ್ಲರ್ ಮತ್ತೆ ಹೊತ್ತಿಕೊಂಡಿತು. ಅವರನ್ನು ಬಾಯ್ಲರಿನ ಬಿಸಿನೀರು ಹರಿಯುವ ಗೋಡೆಯ ರೇಡಿಯೇಟರ್ ಪಕ್ಕಕ್ಕೆ ತಳ್ಳಿ ಚಹಾ ಮಾಡಲು ಹೋದೆ. ಮರಳಿದಾಗ ಅವರು ಕಾವು ಕೊಡಲೆಂದು ಎಡಗೈಯನ್ನು ಬಲಗೈಯಿಂದ ಎತ್ತಿ ರೇಡಿಯೇಟರ್ ಮೇಲಿಟ್ಟುಕೊಂಡಿದ್ದರು.

"ಇನ್ನೂ ತಣ್ಣಗ ಐತಿ. ನಿನಗ ಬರೂದಿಲ್ಲ ಅಂತ ಮೊದಲ ಹೇಳಿದ್ದೆ."

ಆ ಕೈ ಎತ್ತಿದೆ. ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಅವರ ಕಣ್ಣಿಗೆ ಬೀಳದಂತೆ ಅದನ್ನು ಸೆರಗಿನಲ್ಲಿ ಸುತ್ತಿ ಹೇಳಿದೆ:

"ಹೌದ್ರೀ. ನನಗ ಬರೂದಿಲ್ಲ."