ಜೇಡಿಯ ಕೆಳಗಿನ ನೀರು

ಕೆಲಸಕ್ಕೆ ಆಳು ಕರೆಯುವುದೆಂದರೆ ಮಾದೇವಣ್ಣನಿಗೆ ಮಾನ ಹೋದಷ್ಟು ಸಂಕಟ. ಹೆಬಳೆಯಲ್ಲಿ ನಮ್ಮ ಪಕ್ಕದ ಮನೆ ಅವನದು. ಗೋಡೆ, ಹೆಂಚಿನ ಮಾಡು, ಬಾಗಿಲು ಎಲ್ಲ ಅವನದೇ ಕೈಕೆಲಸ. ಅದು ನೋಡಿದವರಿಗೆ ಗೊತ್ತೂ ಆಗುತ್ತಿತ್ತು. ಮುಂಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಬೇಕು. ಜಗಲಿಯ ಬೆಂಚಿನ ತುದಿಯಲ್ಲಿ ಕೂತವರು ಕಾಲು ಗಟ್ಟಿಯಾಗಿ ಊರಿಕೊಂಡೇ ಚಾ ಕುಡಿಯಬೇಕು. ನಾನು ನಗಾಡಿದರೆ, "ಎರಡು ಕೈ ಇದ್ದವಂಗೆ ಆಳು ಎಂತಕ್ಕೆ ತಂಗಿ?" ಎನ್ನುತ್ತಿದ್ದ.

ಬಾವಿ ಮಾತ್ರ ಇರಲಿಲ್ಲ. ಅವನ ಹೆಂಡತಿ ನಾಗವೇಣಕ್ಕ ದಿನಾ ಬೆಳಿಗ್ಗೆ ನಮ್ಮ ಬಾವಿಯಿಂದ ನಾಲ್ಕು ಕೊಡಪಾನ ನೀರು ಒಯ್ಯುತ್ತಿದ್ದಳು. ಒಂದು ದಿನ ನಮ್ಮಮ್ಮ ಅಡುಗೆಮನೆಯಿಂದಲೇ, "ಈ ವರ್ಷ ಇದು ಮೂರನೇ ಹಗ್ಗ. ಎರಡು ಮನೆ ನೀರು ಎಳೆದ್ರೆ ಯಾವ ಹಗ್ಗ ತಡೀತದೆ?" ಎಂದಳು. ಅಮ್ಮ ಕೆಟ್ಟವಳಲ್ಲ, ನಾಲಗೆಗೆ ಹಿಡಿತವಿರಲಿಲ್ಲ. ನಾಗವೇಣಕ್ಕ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೋದಳು. ಅಲ್ಲೇ ನಿಂತಿದ್ದ ನಾನು ಹೊಸ ಹಗ್ಗಕ್ಕೆ ಗಂಟು ಹಾಕುತ್ತ ಉಳಿದೆ.

ಆ ಭಾನುವಾರವೇ ಮಾದೇವಣ್ಣ ಹಿತ್ತಿಲಲ್ಲಿ ಬಾವಿಗೆ ಗೆರೆ ಎಳೆದ. ಕುಮಟೆಯ ಮರದ ಮಿಲ್ಲಿನಲ್ಲಿ ಹಗಲೆಲ್ಲ ದುಡಿದು, ಸಂಜೆ ರೈಲಿಳಿದು ಬಂದವನು ಒಂದು ಲೋಟ ಚಾ ಕುಡಿದು ಗುಂಡಿಗಿಳಿಯುತ್ತಿದ್ದ. ಕೆಳಗೆ ಅವನು ಅಗೆಯುವುದು, ಮೇಲಿಂದ ಅವಳು ಮಣ್ಣಿನ ಬುಟ್ಟಿ ಎಳೆಯುವುದು. ಚಿರೆಕಲ್ಲಿನ ಪದರ ಕಳೆದು ಎಂಟು ಕೋಲು ಆಳಕ್ಕೆ ಬಿಳಿ ಜೇಡಿಮಣ್ಣು ಸಿಕ್ಕಿತು. ಅದರ ಮೇಲೆ ಸಿಹಿ ನೀರು ಒಸರಿ ನಿಂತಿತು. ಮೊದಲ ಚೆಂಬನ್ನು ಅವನು ತಂದದ್ದು ನಮ್ಮನೆಗೆ. "ಕುಡ್ದು ನೋಡಿ ಅಮ್ಮಾ, ಎಳನೀರಿನಂಗಿತ್ತು." ಅಮ್ಮ ತಲೆ ತಗ್ಗಿಸಿಕೊಂಡೇ ಕುಡಿದಳು.

ಬೇಸಿಗೆಯಲ್ಲಿ ನೀರು ತಳ ಕಂಡಿತು. ಬಾವಿ ತೆಗೆದು ಪಳಗಿದ ಮುದುಕನೊಬ್ಬ ಬಗ್ಗಿ ನೋಡಿ ಹೇಳಿದ: "ಜೇಡಿ ಒಡೀಬೇಡ ಮಾದೇವ. ಹೊಳೆಗೆ ನುಗ್ಗೂ ಸಮುದ್ರದ ಉಪ್ಪುನೀರು ಅದ್ರ ಅಡಿಗೇ ಇತ್ತು. ಒಂದು ತಿಂಗಳು ತಡ್ಕೊ, ಮಳೆ ಬರ್ತದೆ."

ತಡೆದುಕೊಳ್ಳುವುದೆಂದರೆ ಆ ಒಂದು ತಿಂಗಳು ನಾಗವೇಣಕ್ಕ ಮತ್ತೆ ನಮ್ಮ ಬಾವಿಕಟ್ಟೆಗೆ ಬರಬೇಕು. ಅದನ್ನು ನೋಡುವುದು ಅವನಿಂದ ಆಗಲಿಲ್ಲ. ಮರುದಿನ ಹಾರೆ ಹಿಡಿದು ಇಳಿದ.

"ಬಂತು, ಬಂತೇ!" ಎಂದು ಬಾವಿಯೊಳಗಿಂದ ಕೂಗಿದ್ದು ನಮ್ಮನೆಗೂ ಕೇಳಿತು. ನಾನು ಓಡಿದೆ. ನೀರು ಅವನ ಸೊಂಟದವರೆಗೆ ಏರಿತ್ತು. ನಾಗವೇಣಕ್ಕ ಹಗ್ಗ ಬಿಟ್ಟು ಒಂದು ಕೊಡ ಸೇದಿ, ಬೊಗಸೆಯಲ್ಲಿ ಕುಡಿದಳು. ಉಗುಳಲಿಲ್ಲ, ಕಷ್ಟಪಟ್ಟು ನುಂಗಿದಳು. "ಆತು, ಮೇಲೆ ಬನ್ನಿ," ಎಂದಳಷ್ಟೆ. ಮೇಲೆ ಬಂದು ತಾನೂ ಒಂದು ಗುಟುಕು ಕುಡಿದ ಮಾದೇವಣ್ಣ, ತಾನೇ ಅಗೆದು ಹಾಕಿದ ಮಣ್ಣಿನ ರಾಶಿಯ ಮೇಲೆ ಕೂತು ಅತ್ತ. ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ನಮ್ಮ ಬಾವಿಗೆ ಅವಳು ಬರಲಿಲ್ಲ, ಅವನೇ ಬಂದ. ಗಂಡಸು ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹೋಗುವುದನ್ನು ಕಂಡು ಕೇರಿಯವರು ಮುಸಿಮುಸಿ ನಕ್ಕರು. "ಮಾತು ಕೇಳುದಿದ್ರೆ ನಾನೇ ಕೇಳ್ತೆ ತಂಗಿ. ಅವ್ಳು ಕೇಳುದು ಬೇಡ," ಎಂದ. ಅವನು ಬರುವ ಹೊತ್ತಿಗೆ ಅಮ್ಮ ಒಳಕೋಣೆ ಸೇರಿಬಿಡುತ್ತಿದ್ದಳು.

ಮಳೆಗಾಲದಲ್ಲಿ ಅವನ ಬಾವಿ ಸಿಹಿಯಾಗುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಇಬ್ಬರೂ ಅದಕ್ಕೆ ಹೂ ಹಾಕಿ ಪೂಜೆ ಮಾಡುತ್ತಿದ್ದರು. ಶಿವರಾತ್ರಿಯ ಹೊತ್ತಿಗೆ ಮತ್ತೆ ಉಪ್ಪು. "ಬರೂ ವರ್ಷ ಸಮ ಆಗ್ತದೆ," ಎನ್ನುತ್ತಿದ್ದ. ಐದು ವರ್ಷ ಅದನ್ನೇ ಅಂದ.

ಹೋದ ಬೇಸಿಗೆಯಲ್ಲಿ, ಕಾಯಿಲೆ ಬಿದ್ದಿದ್ದ ಅವನನ್ನು ಹೊನ್ನಾವರದ ಆಸ್ಪತ್ರೆಯಿಂದ ವಾಪಸು ಕಳಿಸಿದರು, ಇನ್ನೇನೂ ಮಾಡುವಂತಿಲ್ಲವೆಂದು. ಅಮ್ಮ ನಮ್ಮ ಬಾವಿಯ ನೀರಿಗೆ ತುಳಸಿ ಹಾಕಿ, "ಬಾಯಿಗೆ ಬಿಡ್ಲಿಕ್ಕೆ ಬೇಕಾಗ್ತದೆ, ಕೊಟ್ಟು ಬಾ," ಎಂದು ನನ್ನ ಕೈಯಲ್ಲಿ ಕಳಿಸಿದಳು.

ನಾಗವೇಣಕ್ಕ ಚೆಂಬನ್ನು ಇಸಿದುಕೊಂಡು ಗೋಡೆಬದಿಗೆ ಇಟ್ಟಳು. ಹಿತ್ತಿಲಿಗೆ ಹೋಗಿ ತಮ್ಮ ಬಾವಿಯಿಂದ ನೀರು ಸೇದಿ ತಂದಳು.

"ಅಕ್ಕಾ, ಉಪ್ಪಲ್ವಾ ಅದು?" ಎಂದೆ.

"ಅವ್ರು ನಂಗೋಸ್ಕರ ತೆಗ್ದದ್ದು," ಎಂದಳು.

ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಚಮಚ ಬಿಟ್ಟಳು. ಮಾದೇವಣ್ಣ ನುಂಗಿದ. ಇನ್ನೊಂದನ್ನೂ ನುಂಗಿದ. ಮೂರನೆಯದು ಒಳಗೆ ಹೋಗಲಿಲ್ಲ.