ಬುವಾರ ಮನೆಗೆ ಹೋದ ದಿನ

ಕರ್ನಾಟಕ ಒಂದಾದ ವರ್ಷದ ಚಳಿಗಾಲದಲ್ಲಿ ನಾವು ಲಕ್ಷ್ಮೇಶ್ವರಕ್ಕೆ ಹೋದೆವು. ನನಗಾಗ ಹತ್ತು ವರ್ಷವಿರಬೇಕು. ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪ ಮಗ್ಗ ಬಿಟ್ಟು ಊರ ಹೊರಗೆ ಹೋಗುವುದೇ ಅಪರೂಪ. ಅಂಥವನು ಒಂದು ದಿನ ಊಟಕ್ಕೆ ಕುಳಿತಾಗ, "ಅವ್ವಾ, ಬುವಾರ ಮನಿ ನೋಡ್ಕೊಂಡು ಬರೂಣು" ಎಂದು ಅಜ್ಜಿಗೆ ಹೇಳಿದ. ಅಜ್ಜಿ ತುತ್ತು ಕೈಯಲ್ಲಿ ಹಿಡಿದೇ ನಕ್ಕಳು.

ಬುವಾ ಎಂದರೆ ಆಗ ಪುಣೆ, ಮುಂಬಯಿಗಳಲ್ಲಿ ಹೆಸರಾಗಿದ್ದ ಹಾಡುಗಾರರು. ಲಕ್ಷ್ಮೇಶ್ವರ ಸಂಸ್ಥಾನದ ಆಳ್ವಿಕೆಯಲ್ಲಿದ್ದಾಗ ಅಲ್ಲಿಯ ದೊಡ್ಡವರ ಮನೆಗಳಲ್ಲಿ ಹಾಡಿ ಸಂಸಾರ ನಡೆಸಿದ್ದರು. ಸಂಸ್ಥಾನ ಹೋಯಿತು, ಅವರೂ ಊರು ಬಿಟ್ಟರು. ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ನಾನು ಕೂಸಾಗಿದ್ದಾಗಲೇ ಮಗ್ಗ ಬಿಟ್ಟು ಅವರಲ್ಲಿ ಹಾಡು ಕಲಿಯಲು ಹೋಗಿದ್ದ. ಈಗ ಅವರ ಜೊತೆ ಪುಣೆಯಲ್ಲಿದ್ದಾನೆ, ಊರಿಗೆ ಬರಲು ಬಿಡುವಿಲ್ಲ ಎಂದು ಅಪ್ಪ ಹೇಳುತ್ತಿದ್ದ. ನಮಗೆ ರೇಡಿಯೋ ಇರಲಿಲ್ಲ. ಬುವಾರ ಹಾಡು ಬಂದರೆ ಚಹಾದಂಗಡಿಯವನು ಕೂಗುತ್ತಿದ್ದ. ಅಜ್ಜಿ ಸೆರಗು ಹೊದ್ದು ಹೋಗಿ ಅಂಗಡಿಯ ಹೊರಗೆ ನಿಲ್ಲುತ್ತಿದ್ದಳು. "ಹಿಂದ ತಂಬೂರಿ ಕೇಳತೈತಲ್ಲ, ಅದು ನಮ್ಮ ಸಣ್ಣವಂದು" ಎಂದು ದಾರಿಯಲ್ಲಿ ಹೋಗುವವರಿಗೂ ಹೇಳುತ್ತಿದ್ದಳು.

ಆ ವರ್ಷ ಅವಳು ಕಾಕಾನಿಗೆ ಮುಂಡರಗಿಯಲ್ಲಿ ಹೆಣ್ಣು ಗೊತ್ತು ಮಾಡಿದ್ದಳು. ಅವನ ವಯಸ್ಸು ಮೀರುತ್ತಿದೆ, ಹೆಣ್ಣಿನವರು ಒಪ್ಪಿದ್ದಾರೆ, ಅವನನ್ನು ಕರೆಸು ಎಂದು ಅಪ್ಪನ ಬೆನ್ನು ಹತ್ತಿದ್ದಳು. ಅಪ್ಪ ಹೂಂ ಅನ್ನುತ್ತಿದ್ದ, ಮಗ್ಗದ ಕುಣಿಗೆ ಇಳಿಯುತ್ತಿದ್ದ.

ನನ್ನ ಅವ್ವನ ತಮ್ಮ, ಮಾಮಾ, ಹತ್ತಿ ಸಾಗಿಸುವ ಲಾರಿ ನಡೆಸುತ್ತಿದ್ದ. ಲಕ್ಷ್ಮೇಶ್ವರಕ್ಕೆ ಖಾಲಿ ಹೋಗುತ್ತಿದ್ದ ಲಾರಿಯಲ್ಲಿ ಬೆಳಿಗ್ಗೆ ನಾವು ಹೊರಟೆವು. ಅಜ್ಜಿ ಮುಂದೆ ಮಾಮಾನ ಪಕ್ಕದಲ್ಲಿ, ಅಪ್ಪ, ಅವ್ವ, ನಾನು ಹಿಂದೆ ತಾಡಪಾಲಿನ ಮೇಲೆ. ಶಿರಹಟ್ಟಿಯಲ್ಲಿ ಇಳಿದು ಬುತ್ತಿ ಬಿಚ್ಚಿದೆವು. ಅಪ್ಪ ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದು ಕುಳಿತಿದ್ದ. ಅವ್ವ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಬುವಾರ ಮನೆ ಎಂದರೆ ನಾನು ಅರಮನೆಯಂಥದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅದು ಓಣಿಯೊಳಗಿನ ಮಣ್ಣಿನ ಮಾಳಿಗೆ ಮನೆ. ಪಡಸಾಲೆಯಲ್ಲಿ ಯಾರೋ ವ್ಯಾಪಾರಿ ಹತ್ತಿಕಾಳಿನ ಚೀಲ ಒಟ್ಟಿದ್ದ. ಬುವಾರ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಶಿಗ್ಲಿಯ ಒಬ್ಬ ಹೆಂಗಸು ಹಿಂದಿನ ಖೋಲಿಯಲ್ಲಿ ಉಳಿದುಕೊಂಡು ಮನೆ ನೋಡಿಕೊಂಡಿದ್ದಳು. ಅಲ್ಲಿಗೆ ಆಗಾಗ ಜನ ಬಂದು ಕೈಮುಗಿದು ಹೋಗುತ್ತಿದ್ದರಂತೆ. ನಾವೂ ಅಂಥವರೇ ಎಂದು ತಿಳಿದು ಆಕೆ ಒಳಗೆ ಕರೆದಳು.

"ಬರ್ರಿ. ಇಲ್ಲೇ ಕಿಡಕಿ ಕಡೆ ಮಾರಿ ಮಾಡಿ ರಿಯಾಜಕ್ಕ ಕುಂಡ್ರತಿದ್ರು" ಎಂದು ತೋರಿಸಿದಳು.

ಅಜ್ಜಿ ಆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ನನ್ನ ಮಗನೂ ಇಲ್ಲೇ ಕಲ್ತಾನವ್ವಾ. ಬೆಟಗೇರಿಯವ. ತಂಬೂರಿ ನುಡಸತಿದ್ದ. ನೆನಪೈತೇನು?"

ಆಕೆ ಅಜ್ಜಿಯನ್ನು ನೋಡಿದಳು. ಆಮೇಲೆ ಹೊಸ್ತಿಲ ಹೊರಗೇ ನಿಂತಿದ್ದ ಅಪ್ಪನನ್ನು ನೋಡಿದಳು. "ನೀವು ಅವನ ಅಣ್ಣಾರಲ್ಲೇನ್ರಿ? ಮಣ್ಣು ಕೊಟ್ಟ ದಿನ ಬಂದಿದ್ರಿ."

"ಯಾರಿಗೆ ಮಣ್ಣು?" ಎಂದಳು ಅಜ್ಜಿ.

ಆ ಹೆಂಗಸಿಗೆ ತಾನೇನು ಅಂದೆ ಎಂಬುದು ಆಗ ತಿಳಿಯಿತು. ಅಜ್ಜಿಯ ಕೈ ಹಿಡಿದು ಕೂರಿಸಿ, ಕೇಳಿದ್ದಕ್ಕೆಲ್ಲ ಮೆಲ್ಲಗೆ ಉತ್ತರ ಕೊಟ್ಟಳು. ಸ್ವಾತಂತ್ರ್ಯ ಬಂದ ವರ್ಷ ಊರಲ್ಲಿ ಕಾಲರಾ ಬಿದ್ದಿತ್ತು. ಕಾಕಾ ಎರಡು ದಿನವೂ ತಾಳಲಿಲ್ಲ. "ನೀರು ಬೇಡತಿದ್ದ, ಕುಡದದ್ದು ನಿಲ್ಲತಿರಲಿಲ್ಲ. ಹೊರಾಕ ಓಣ್ಯಾಗಿನ ಮಂದಿ ಬರಲಿಲ್ರಿ. ಬುವಾರೇ ಬಂದು ಹೆಗಲು ಕೊಟ್ರು."

"ಕಡೀಕ ಏನಂದ?"

"ಏನೂ ಅನ್ನಲಿಲ್ಲವ್ವಾ. ದನಿನ ಹೋಗಿತ್ತು."

ಅಜ್ಜಿ ಅಳಲಿಲ್ಲ. ಮಗನನ್ನು ಇಟ್ಟ ಜಾಗ ತೋರಿಸು ಎಂದು ಅಪ್ಪನಿಗೆ ಹೇಳಿದಳು. ಊರ ಹೊರಗೆ ನಡೆದೆವು. ಕಾಲರಾದಲ್ಲಿ ಸತ್ತವರನ್ನು ಹೂಳುತ್ತಿದ್ದ ಜಾಗವನ್ನು ಯಾರೋ ಉತ್ತು ಜೋಳ ಬಿತ್ತಿದ್ದರು. ಪೈರು ಮೊಣಕಾಲುದ್ದ ಬಂದಿತ್ತು. ಅಪ್ಪ ಬದುವಿನ ಮೇಲೆ ಆ ಕಡೆ ಈ ಕಡೆ ಅಡ್ಡಾಡಿ ಒಂದು ಜಾಲಿಗಿಡದ ಕಡೆ ಕೈ ಮಾಡಿದ. ಮತ್ತೆ ಅಲ್ಲವೆಂದು ಇನ್ನೊಂದು ಕಡೆ ತೋರಿಸಿದ.

"ಬಿಡು," ಎಂದಳು ಅಜ್ಜಿ. "ಇನ್ನೂ ಎಷ್ಟು ಸುಳ್ಳು ಹೇಳತಿ."

ಅಪ್ಪ ಬದುವಿನ ಮೇಲೆಯೇ ಕುಳಿತುಬಿಟ್ಟ. ಅವ್ವನಿಗೂ ಅವನು ಇದನ್ನು ಹೇಳಿರಲಿಲ್ಲ. ಅವಳು ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಮರಳುವಾಗ ಲಾರಿ ತುಂಬ ಹತ್ತಿಯಿತ್ತು. ನಾವು ಅಂಡಿಗೆ ಚೀಲಗಳ ಮೇಲೆ ಕುಳಿತೆವು. ಮಾರನೆಯ ದಿನ ಅವಳು ಅವ್ವನನ್ನು ಕರೆದುಕೊಂಡು ಬಸ್ಸು ಹತ್ತಿ ಮುಂಡರಗಿಗೆ ಹೋದಳು. "ಆ ಹುಡುಗಿ ಸುಮ್ಮನ ಕಾಯೂದು ಬ್ಯಾಡ" ಎಂದಷ್ಟೇ ಅಂದಳು. ಹೆಣ್ಣಿನವರ ಅಂಗಳದಲ್ಲಿ ನಿಂತು, ನನ್ನ ಮಗ ಸತ್ತು ಬಹಳ ವರ್ಷವಾಯಿತು, ನನಗೆ ನಿನ್ನೆ ಖಬರ ಬಂತು ಎಂದು ಹೇಳಿದಳಂತೆ. ಮೊದಲ ಸಲ ಅತ್ತದ್ದು ಅಲ್ಲಿ, ಪರರ ಅಂಗಳದಲ್ಲಿ.

ಆಮೇಲೆಯೂ ಅವಳು ಕೆಲವು ವರ್ಷ ಬದುಕಿದಳು. ಅಪ್ಪನೊಂದಿಗೆ ಜಗಳವಾಡಲಿಲ್ಲ, ಮಾತನ್ನೂ ಆಡಲಿಲ್ಲ. ಹೇಳಬೇಕಾದದ್ದಿದ್ದರೆ ನನ್ನ ಕೈಯಲ್ಲಿ ಹೇಳಿಸುತ್ತಿದ್ದಳು. ಅಪ್ಪ ಎದುರಿಗೇ ಇರುತ್ತಿದ್ದ. ಕೊನೆಯ ದಿನಗಳಲ್ಲಿ ಅವನು ಅವಳ ಕಾಲು ಒತ್ತಲು ಕುಳಿತರೆ ಕಾಲು ಎಳೆದುಕೊಳ್ಳುತ್ತಿರಲಿಲ್ಲ. ಮುಖ ಮಾತ್ರ ಗೋಡೆಯ ಕಡೆ ಇರುತ್ತಿತ್ತು.

ಅವಳನ್ನು ಮಣ್ಣು ಮಾಡಿ ಬಂದ ದಿನ ಅಪ್ಪ ಅವ್ವನ ಮುಂದೆ ಕುಳಿತು ಹೇಳಿದ: "ಅವನ್ನ ಮಣ್ಣು ಮಾಡಿ ಬಂದು ಬಾಗಲಾಗ ಕಾಲಿಟ್ಟಾಗ, ಸಣ್ಣವ ಹೆಂಗದಾನು ಅಂತ ಕೇಳಿದಳು. ಆರಾಮ ಅದಾನು ಅಂತ ಬಾಯಿಗೆ ಬಂದುಬಿಡ್ತು. ಮುಂದ ಯಾವತ್ತು ಹೇಳಲಿ ನಾ? ಅಲ್ಲೇ ಹೇಳೂಣಂತ ಲಕ್ಷ್ಮೇಶ್ವರಕ್ಕ ಕರಕೊಂಡು ಹೋದೆ, ಬಾಯಿ ಬರಲಿಲ್ಲ."

ಅವ್ವ ಅವನ ಮುಂದೆ ನೀರಿನ ತಂಬಿಗೆ ಇಟ್ಟು ಒಳಗೆ ಹೋದಳು.